ಮೊದಲ ಪುಟದಲ್ಲಿ ಮುಳುಗಿದವನು

ಬೆಕ್ ಎಂಡ್, ಆಸ್ಕ್‌ಡೇಲ್, ಯಾರ್ಕ್‌ಷೈರ್
೧೭ ಜೂನ್ ೧೯೪೫

ಪ್ರೀತಿಯ ಮೇವಿಸ್,

ನೀನು ಹೋದದ್ದು ಮಂಗಳವಾರ, ಬೆಳಗಿನ ರೈಲುಗಾಡಿಗೆ. ಇವತ್ತು ಭಾನುವಾರ. ನೀನು ನಿನ್ನ ಊರು ಹಲ್ ತಲುಪಿದೆಯೆಂದು ಶಾಲೆಯವರು ತಂತಿ ಕಳಿಸಿದ್ದರು, ಆದ್ದರಿಂದ ಅದನ್ನು ಕೇಳುವುದಿಲ್ಲ.

ನಿನ್ನ ಒಂದು ಕಾಲುಚೀಲ ಒಲೆಯ ಮುಂದಿನ ಹಗ್ಗದ ಮೇಲೆಯೇ ಉಳಿದಿದೆ. ಇದರ ಜೊತೆಗೇ ಕಳಿಸಬಹುದಿತ್ತು, ಕಳಿಸಿಲ್ಲ. ಆಗಸ್ಟಿನಲ್ಲಿ ಹುಲ್ಲು ಕೊಯ್ಲಿಗೆ ಬರುತ್ತೀಯಲ್ಲ, ಆಗ ತೆಗೆದುಕೊಳ್ಳುವೆಯಂತೆ.

ಪಕ್ಕದ ಮಿಸೆಸ್ ಡಾಕ್ರೆ ದಿನಕ್ಕೊಮ್ಮೆ ಬಂದು ನನ್ನನ್ನು ಸಮಾಧಾನ ಮಾಡಿ ಹೋಗುತ್ತಾರೆ. ಅವರ ಸಮಾಧಾನ ಹೇಗಿರುತ್ತದೆಂದು ನಿನಗೆ ಗೊತ್ತು. "ನಾಲ್ಕು ವರ್ಷ ಸಾಕಿದ್ರಿ. ಗಾಡಿ ಹೊರಟಾಗ ಒಂದ್ಸಲ ತಿರುಗಿ ನೋಡೋದು ಬೇಡ್ವಾ? ಸಂತೆಗೆ ಹೊರಟ ಕುರಿನಾದ್ರೂ ತಿರುಗಿ ನೋಡುತ್ತೆ." ನಿನಗೆ ಸಿಕ್ಕ ಜಾಗ ಆಚೆ ಬದಿಯದು ಎಂದು ನಾನು ಹೇಳಿದೆ. ನಿಜವಾಗಿ ನೀನು ನನ್ನ ಕಣ್ಣೆದುರಿನ ಕಿಟಕಿಯಲ್ಲೇ ಬೆನ್ನು ಮಾಡಿ ನಿಂತಿದ್ದೆ. ಆಯಾಸವಾಗಿತ್ತೇನೋ.

ನಿನ್ನೆ ಟೀ ಹೊತ್ತಿಗೆ, ಆ ದಿನ ಬರೆದದ್ದನ್ನು ಎಂದಿನಂತೆ ಗಟ್ಟಿಯಾಗಿ ಓದಿದೆ. ನೀನು ಆಕಳಿಸಿದ ಜಾಗಕ್ಕೆಲ್ಲ ಗೀಟು ಎಳೆಯುತ್ತಿದ್ದೆನಲ್ಲ, ನಿನ್ನ ಖಾಲಿ ಕುರ್ಚಿ ಆಕಳಿಸುವುದಿಲ್ಲ. ಎಲ್ಲವೂ ಚೆನ್ನಾಗಿದೆಯೆಂದೇ ಅನ್ನಿಸುತ್ತದೆ. ಇದು ಅಪಾಯ. ನೀನು ಬರುವ ಮೊದಲು ನಾನು ಬರೆದ ಪುಸ್ತಕಗಳಿಗೆಲ್ಲ ಆಗಿದ್ದು ಇದೇ, ಅವನ್ನು ಯಾರೂ ಕೊಳ್ಳಲಿಲ್ಲ. ನಿನ್ನನ್ನು ನೋಡಿ ಕಟ್ಟಿದ ಕಥೆಗಳ ಮೂರನೆಯ ಪುಸ್ತಕದ ಮೊದಲ ಅಧ್ಯಾಯ ಕಳಿಸುತ್ತಿದ್ದೇನೆ. ಎಲ್ಲೆಲ್ಲಿ ಆಕಳಿಕೆ ಬಂತು, ಗುರುತು ಹಾಕು.

ಬಾಂಬು ಬಿದ್ದ ಊರಿನಿಂದ ನೀನು ಬಂದಿಳಿದ ದಿನ ನಿನ್ನ ತಲೆಗೂದಲು ನೋಡಿ ಮಿಸೆಸ್ ಡಾಕ್ರೆ "ಗಿಮ್ಮರ್" ಎಂದಿದ್ದರು. ಇನ್ನೂ ಉಣ್ಣೆ ಕತ್ತರಿಸದ ಎಳೆಯ ಹೆಣ್ಣುಕುರಿ. ಆ ಹೆಸರು ಈಗ ನನ್ನ ಪುಸ್ತಕಗಳ ಹೊದಿಕೆಯ ಮೇಲೆ ಲಂಡನ್ನಿನ ಅಂಗಡಿಗಳ ಗಾಜಿನ ಹಿಂದೆ ನಿಂತಿದೆಯಂತೆ. ಪ್ರಕಾಶಕರ ಮಿಸ್ಟರ್ ಪೆಂಬರಿ ಬರೆದಿದ್ದಾರೆ.

ನಿನ್ನ ಹಾಸಿಗೆ ಹಾಗೇ ಇದೆ.

ನಿನ್ನ,
ಹೆಸ್ಟರ್ ಬ್ರೇಸ್‌ವೆಲ್


ಹೆಸಲ್ ರೋಡ್, ಹಲ್
೨ ಜುಲೈ ೧೯೪೫

ಪ್ರೀತಿಯ ಮಿಸ್,

ಆಕಳಿಕೆ ಬಂದದ್ದು ಎರಡು ಸಲ. ಮಂಜಿನ ವರ್ಣನೆ ಬಂದಾಗ ಒಂದು, ಪಾದ್ರಿ ಬಂದಾಗ ಒಂದು. ಪಾದ್ರಿಯನ್ನು ತೆಗೆದುಬಿಡಿ.

ನಮ್ಮ ಬೀದಿಯ ಆ ತುದಿ ಇಲ್ಲ. ಈ ತುದಿ ಇದೆ, ನಮ್ಮ ಮನೆ ಈ ತುದಿಯಲ್ಲಿದೆ. ನಾನಿಲ್ಲದಾಗ ಹುಟ್ಟಿದ ತಂಗಿ ಬ್ರೆಂಡಾ ನನ್ನ ಹಾಸಿಗೆಯಲ್ಲೇ ಮಲಗುತ್ತಾಳೆ. ನಾನು ಯಾರೆಂದು ಅವಳಿಗೆ ಗೊತ್ತಿಲ್ಲ, ನನ್ನನ್ನು ಒದೆಯುತ್ತಾಳೆ. ಅಪ್ಪನಿಗೆ ಸಮುದ್ರದಲ್ಲಿ ಸಿಡಿಗುಂಡು ಹುಡುಕುವ ಕೆಲಸ ಮುಗಿಯಿತು. ಮತ್ತೆ ಮೀನಿನ ಹಡಗಿಗೆ ಹೋಗುತ್ತಾನೆ.

ನಿಮ್ಮ ಪುಸ್ತಕ ತೋರಿಸಿದೆ. ಅಪ್ಪ ಮೊದಲ ಪುಟ ಓದಿ ಮೇಜು ಕುಟ್ಟಿ ನಕ್ಕ. "ಏಯ್, ಇಲ್ಲಿ ನೋಡೇ! ಮೊದಲ್ನೇ ಪುಟದಲ್ಲೇ ನನ್ನ ಮುಳುಗಿಸಿಬಿಟ್ಟಿದಾರೆ! ಒಂದು ಬೀರ್ ಕುಡಿಯೋಕೂ ಬಿಟ್ಟಿಲ್ಲ!" ಎಂದ. ಅಮ್ಮ ನಗಲಿಲ್ಲ. "ಬಾಯಿ ಮುಚ್ಚು. ಹಡಗು ಹತ್ತೋ ವಾರದಲ್ಲಿ ಆಡೋ ಮಾತಾ ಅದು?" ಎಂದು ಪುಸ್ತಕ ಕಿತ್ತುಕೊಂಡು ಹಿತ್ತಲಿನ ಕಲ್ಲಿದ್ದಲ ಗೂಡಿನಲ್ಲಿ ಇಟ್ಟಳು. ಪುಸ್ತಕದಲ್ಲಿ ಗಿಮ್ಮರಳ ಅಮ್ಮ ಅಪ್ಪನಿಗಿಂತ ಮೊದಲೇ ಸತ್ತಿದ್ದಾಳೆ, ಆದರೆ ಅದಕ್ಕೆ ಅಮ್ಮ ಏನೂ ಅನ್ನಲಿಲ್ಲ.

ಆಗಸ್ಟಿನಲ್ಲಿ ಬರಲು ಆಗುವುದಿಲ್ಲವಂತೆ. ನಿಮ್ಮನ್ನು ಆಂಟಿ ಎಂದು ಕರೆಯಲೇ ಎಂದು ಅಮ್ಮನನ್ನು ಕೇಳಿದೆ. "ಆಂಟಿ ಅನ್ನೋಕೆ ಈ ಬೀದಿಲೇ ಬೇಕಾದಷ್ಟು ಜನ ಬಿದ್ದಿದಾರೆ" ಎಂದಳು. ಆದ್ದರಿಂದ ಮಿಸ್ ಎಂದೇ ಬರೆದಿದ್ದೇನೆ.

ನಿಮ್ಮ ವಿಶ್ವಾಸಿ,
ಮೇವಿಸ್ ಬ್ಲೆಂಕಿನ್


ಬೆಕ್ ಎಂಡ್
೯ ಅಕ್ಟೋಬರ್ ೧೯೪೬

ಪ್ರೀತಿಯ ಮೇವಿಸ್,

ಪಾದ್ರಿಯನ್ನು ತೆಗೆದೆ, ಅಧ್ಯಾಯ ಓಡತೊಡಗಿತು. ನಾಲ್ಕನೆಯ ಪುಸ್ತಕದಲ್ಲಿ ನೀನು ಆಕಳಿಸಿದ ಜಾಗಗಳೂ ಹೋದವು. ಈಗ ಪ್ರತಿ ಕ್ರಿಸ್‌ಮಸ್ಸಿಗೆ ಒಂದು ಗಿಮ್ಮರ್ ಬೇಕೆಂದು ಮಿಸ್ಟರ್ ಪೆಂಬರಿ ಹಟ ಹಿಡಿದಿದ್ದಾರೆ. "ಮಿಸ್ ಬ್ರೇಸ್‌ವೆಲ್, ಮಕ್ಕಳು ಉಡುಗೊರೆಗೆ ಅಂತ ಕಾಲುಚೀಲ ನೇತುಹಾಕೋದೇ ನಿಮ್ಮ ಪುಸ್ತಕಕ್ಕೆ" ಎನ್ನುತ್ತಾರೆ. ಅವರಿಗೆ ಮಕ್ಕಳಿಲ್ಲ. ನನಗೂ ಇಲ್ಲ. ನಾವಿಬ್ಬರೂ ಕೂತು ಮಕ್ಕಳಿಗೆ ಏನು ಬೇಕೆಂದು ನಿರ್ಧರಿಸುತ್ತೇವೆ.

ನಿನ್ನ ತಾಯಿಗೆ ಮೊದಲ ಪುಟ ಹಿಡಿಸಿಲ್ಲವೆಂದು ನಿನ್ನ ಪತ್ರಗಳಿಂದ ಊಹಿಸಿದ್ದೇನೆ. ಅದು ನಮ್ಮ ಕಸುಬಿನ ರೂಢಿಯೆಂದು ಹೇಳು. ಮಕ್ಕಳ ಪುಸ್ತಕದಲ್ಲಿ ತಂದೆತಾಯಿ ಇದ್ದರೆ ಮಗುವಿಗೆ ಉಣ್ಣೆಯ ಅಂಗಿ ತೊಡಿಸಿ ಊಟಕ್ಕೆ ಕೂರಿಸುತ್ತಾರೆ, ಕಥೆ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಮೊದಲೇ ಅವರನ್ನು ಆಚೆ ಕಳಿಸಿಬಿಡುತ್ತೇವೆ, ಕೆಲವರನ್ನು ಇಂಡಿಯಾಕ್ಕೆ, ಕೆಲವರನ್ನು ಸಮಾಧಿಗೆ. ಮೀನುಗಾರನ ಮಗಳಿಗೆ ಸಮುದ್ರವೇ ಹತ್ತಿರವಿತ್ತು. ಒಂದು ಸಾಲಿನ ಕೆಲಸ. ಬರೆಯುವಾಗ ನಾನು ನಿಮ್ಮ ಮನೆಯವರನ್ನು ನೆನೆಸಿಕೊಂಡೂ ಇರಲಿಲ್ಲ.

ಮೇಲಿನ ಹೊಲದ ಕಲ್ಲುಬೇಲಿ ಬಿದ್ದಿದೆ. ನೀನು ಹತ್ತುತ್ತಿದ್ದ ಜಾಗವೇ. ಕಟ್ಟುವವರು ಬಂದಿದ್ದರು, ಮುಂದಿನ ಬೇಸಿಗೆಯವರೆಗೆ ಹಾಗೇ ಇರಲಿ ಎಂದು ಕಳಿಸಿದೆ. ನೀನು ಬಂದು ನೋಡಿದ ಮೇಲೆ ಕಟ್ಟಿಸುತ್ತೇನೆ.

ನಿನ್ನ,
ಹೆಸ್ಟರ್ ಬ್ರೇಸ್‌ವೆಲ್


ಹೆಸಲ್ ರೋಡ್
೨೧ ಆಗಸ್ಟ್ ೧೯೪೯

ಪ್ರೀತಿಯ ಮಿಸ್ ಬ್ರೇಸ್‌ವೆಲ್,

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಶಾಲೆ ಮುಗಿಯಿತು. ಈಸ್ಟರಿನಿಂದ ಮೀನು ಹೊಗೆಯಾಡಿಸುವ ಮನೆಯಲ್ಲಿ ಕೆಲಸ. ಹೆರಿಂಗ್ ಮೀನು ಸೀಳಿ ಕಡ್ಡಿಗೆ ಪೋಣಿಸುವುದು. ಕೈಗೆ ಬಟ್ಟೆ ಸುತ್ತಿಕೊಂಡರೂ ಕೊಯ್ಯುತ್ತದೆ. ಟೀಚರ್ ತರಬೇತಿಯ ಬಗ್ಗೆ ನೀವು ಬರೆದದ್ದನ್ನು ಓದಿದೆ. ಅಮ್ಮನನ್ನು ಒಂದು ಸಲ ಕೇಳಿದೆ, ಮತ್ತೆ ಕೇಳಲಿಲ್ಲ.

ಪತ್ರಿಕೆಯಲ್ಲಿ "ನಿಜವಾದ ಗಿಮ್ಮರ್" ಎಂದು ನಿಮ್ಮ ಜೊತೆಗಿನ ಹಳೆಯ ಚಿತ್ರ ಬಂದ ಮೇಲೆ ಇಲ್ಲಿನ ಹುಡುಗಿಯರಿಗೆ ಹಬ್ಬ. ಮೀನಿನ ಬುಟ್ಟಿ ಹೊತ್ತು ಹೋದರೆ ಸಾಕು, "ದಾರಿ ಬಿಡ್ರೇ, ರಾಜಕುಮಾರಿ ಗಿಮ್ಮರ್ ಬರ್ತಿದಾಳೆ! ಅಯ್ಯೋ ಪಾಪ, ಅಪ್ಪ ಅಮ್ಮ ಇಲ್ಲದ ಮಗು!" ಎನ್ನುತ್ತಾರೆ. "ನಮ್ಮಮ್ಮ ಸತ್ತಿದಾಳೋ ಬದುಕಿದಾಳೋ, ಬಂದು ಒಂದು ಏಟು ತಿಂದು ನೋಡು" ಎಂದೆ. ಎಲ್ಲರೂ ನಕ್ಕರು. ಅವರು ಕೆಟ್ಟವರಲ್ಲ.

ಬ್ರೆಂಡಾಗೆ ಐದು ದಾಟಿತು. ಕಲ್ಲಿದ್ದಲ ಗೂಡಿನಿಂದ ಪುಸ್ತಕ ಕದ್ದು ತಂದು ಹಾಸಿಗೆಯಡಿಯಲ್ಲಿ ಇಟ್ಟುಕೊಂಡಿದ್ದಾಳೆ. ನಾನು ಓದಿ ಹೇಳುತ್ತೇನೆ. ಮೊದಲ ಪುಟ ಬಿಟ್ಟು ಓದುತ್ತೇನೆ.

ಈ ಬೇಸಿಗೆಯೂ ಬರಲಾಗುವುದಿಲ್ಲ. ಅಪ್ಪ ಸಮುದ್ರದಲ್ಲಿ ಮೂರು ವಾರ ಇದ್ದರೆ ಮನೆಯಲ್ಲಿ ಎರಡು ಮೂರು ದಿನ ಇರುತ್ತಾನೆ. ಆ ದಿನಗಳನ್ನು ಬಿಟ್ಟು ಬರಲು ನನಗೆ ಮನಸ್ಸಿಲ್ಲ. ತಪ್ಪು ತಿಳಿಯಬೇಡಿ.

ನಿಮ್ಮ ವಿಶ್ವಾಸಿ,
ಮೇವಿಸ್


ಬೆಕ್ ಎಂಡ್
೧೧ ಡಿಸೆಂಬರ್ ೧೯೪೯

ಪ್ರೀತಿಯ ಮೇವಿಸ್,

ಹೊಸ ಪುಸ್ತಕ ಕಳಿಸುತ್ತಿದ್ದೇನೆ. ಹಸ್ತಪ್ರತಿ ನೋಡಲು ನಿನಗೆ ಬಿಡುವಾಗಲಿಲ್ಲ, ಆದ್ದರಿಂದ ಪಾದ್ರಿಗಳು ಎಷ್ಟು ಜನ ಉಳಿದುಕೊಂಡಿದ್ದಾರೋ ನನಗೆ ತಿಳಿಯದು. ರೇಡಿಯೊದಲ್ಲಿ ಅದನ್ನು ಓದುತ್ತಿದ್ದಾರೆ. ಓದುವಾಕೆ ಗಿಮ್ಮರಳ ಮಾತನ್ನು ಲಂಡನ್ನಿನ ಮಗುವಿನಂತೆ ಆಡುತ್ತಾಳೆ. ಮಿಸೆಸ್ ಡಾಕ್ರೆ ಒಮ್ಮೆ ಕೇಳಿ, "ಇವಳು ನಮ್ಮ ಹುಡುಗಿ ಅಲ್ಲವೇ ಅಲ್ಲ, ಇದಕ್ಕೆ ಮೂಗು ಕಟ್ಟಿದೆ" ಎಂದು ಎದ್ದುಹೋದರು.

ಡರ್ಬಿಯಿಂದ ಒಂದು ಹುಡುಗಿ ನನಗೆ ಬರೆದಿದ್ದಾಳೆ: ಗಿಮ್ಮರ್ ಯಾವಾಗ ದೊಡ್ಡವಳಾಗುತ್ತಾಳೆ? ಎಂದೂ ಇಲ್ಲ ಎಂದು ಉತ್ತರ ಬರೆದೆ. ಅಂಚೆಗೆ ಹಾಕಿದ ಮೇಲೆ, ಇಷ್ಟು ಗಡಸಾಗಿ ಬರೆಯಬಾರದಿತ್ತು ಅನ್ನಿಸಿತು.

ನಿನ್ನ ತಂದೆಯ ರಜೆಯ ವಿಷಯ ಅರ್ಥವಾಯಿತು. ಹೊರಡುವ ದಿನವೇ ತಿರುಗಿ ನೋಡದವಳು ಬರುತ್ತಾಳೆಂದು ಕಾದದ್ದು ನನ್ನ ದಡ್ಡತನ. ಈ ಸಾಲನ್ನು ಹೊಡೆದುಹಾಕಬೇಕೆಂದಿದ್ದೆ. ಇರಲಿ.

ಹೆಸ್ಟರ್ ಬ್ರೇಸ್‌ವೆಲ್


ಬೆಕ್ ಎಂಡ್
೫ ಮಾರ್ಚ್ ೧೯೫೦

ಪ್ರೀತಿಯ ಮೇವಿಸ್,

ನಿನ್ನ ಪತ್ರ ಕ್ರಿಸ್‌ಮಸ್ಸಿಗೂ ಇಲ್ಲ, ಹೊಸ ವರ್ಷಕ್ಕೂ ಇಲ್ಲ. ಪುಸ್ತಕ ತಲುಪಿತೋ ಇಲ್ಲವೋ ಒಂದು ಕಾರ್ಡಿನಲ್ಲಿ ಬರೆಯಬಹುದಿತ್ತು. ಹೊಗೆಯ ಮನೆಯಲ್ಲೂ ಪೆನ್ಸಿಲ್ ಇರುತ್ತದೆ.

ಇಲ್ಲಿ ಹಿಮ ಇನ್ನೂ ಕರಗಿಲ್ಲ. ಗಾಳಿಗೆ ಮಿಸೆಸ್ ಡಾಕ್ರೆಯ ಕೋಳಿಗೂಡು ಹಾರಿಹೋಯಿತು. ಉತ್ತರದ ಕಡಲಲ್ಲೂ ಕೆಟ್ಟ ಹವೆಯಂತೆ, ಹಲ್‌ನ ಹಡಗೊಂದರ ಸುದ್ದಿ ಪತ್ರಿಕೆಯ ಮೂಲೆಯಲ್ಲಿತ್ತು. ನೀವೆಲ್ಲ ಬೆಚ್ಚಗಿದ್ದೀರೆಂದುಕೊಂಡಿದ್ದೇನೆ.

ಹೆ. ಬ್ರೇ.


ಬೆಕ್ ಎಂಡ್
೨೫ ಜೂನ್ ೧೯೫೦

ಮೇವಿಸ್,

ಮೌನವೂ ಒಂದು ಉತ್ತರವೆಂದು ಒಪ್ಪಿಕೊಳ್ಳಲು ನನಗೆ ಇಷ್ಟು ತಿಂಗಳು ಬೇಕಾಯಿತು. ಕಲ್ಲುಬೇಲಿ ಕಟ್ಟಿಸಿದೆ. ನಿನ್ನ ಕೋಣೆಯಲ್ಲಿ ಈಗ ಹಸ್ತಪ್ರತಿಗಳನ್ನು ಇಡುತ್ತಿದ್ದೇನೆ. ಇನ್ನು ಬರೆದು ನಿನ್ನನ್ನು ಬೇಸರಪಡಿಸುವುದಿಲ್ಲ.

ಹೆಸ್ಟರ್ ಬ್ರೇಸ್‌ವೆಲ್


ಹೆಸಲ್ ರೋಡ್
೧೭ ಸೆಪ್ಟೆಂಬರ್ ೧೯೫೦

ಪ್ರೀತಿಯ ಮಿಸ್,

ಪತ್ರಿಕೆಯ ಮೂಲೆಯಲ್ಲಿ ನೀವು ನೋಡಿದ ಹಡಗು ಅಪ್ಪನದು.

ಫೆಬ್ರುವರಿಯಲ್ಲಿ ಹೋಯಿತು, ಐಸ್‌ಲ್ಯಾಂಡಿನ ಆಚೆ. ಹಡಗಿನ ಮೇಲೆ ಹಿಮ ಕಟ್ಟಿ ತಲೆಭಾರವಾಗಿ ಮಗುಚಿತೆಂದು ಹೇಳುತ್ತಾರೆ. ನೋಡಿದವರು ಯಾರೂ ಇಲ್ಲ. ಮೀನುಗಾರರ ಮಿಷನ್ನಿನವರು ಬಂದು ಮುಂದಿನ ಬಾಗಿಲು ತಟ್ಟಿದರು. ನಮ್ಮ ಬೀದಿಯಲ್ಲಿ ಎಲ್ಲರೂ ಹಿಂದಿನ ಬಾಗಿಲಿನಿಂದ ಬರುತ್ತಾರೆ. ಮುಂದಿನ ಬಾಗಿಲು ಸದ್ದಾದಾಗಲೇ ಅಮ್ಮ ನೆಲದ ಮೇಲೆ ಕೂತುಬಿಟ್ಟಳು. ತೆರೆದದ್ದು ನಾನು.

ನಿಮಗೆ ತಿಳಿಸಬೇಕೆಂದು ಬಹಳ ಸಲ ಕೂತೆ. ತಿಳಿಸಿದರೆ ಉಳಿದದ್ದನ್ನೂ ಹೇಳಬೇಕಾಗುತ್ತದೆ. ಈಗ ಹೇಳುತ್ತೇನೆ.

ನಮ್ಮಲ್ಲಿ ಹಡಗು ಹೊರಡುವ ದಿನ ಬಟ್ಟೆ ಒಗೆಯುವುದಿಲ್ಲ, ಒಗೆದರೆ ಮನುಷ್ಯನನ್ನೂ ನೀರು ಕೊಂಡೊಯ್ಯುತ್ತದೆ. ಕಳಿಸಿಕೊಡಲು ಬಂದರಿಗೆ ಹೋಗುವುದಿಲ್ಲ. ಕೈ ಬೀಸುವುದಿಲ್ಲ, ಹೋಗುವವರನ್ನು ಹಿಂದಿನಿಂದ ನೋಡುವುದಿಲ್ಲ. ಯಾರು ಮತ್ತೆ ಬರಬೇಕೋ ಅವರಿಗೆ ಬೆನ್ನು ಮಾಡಿ ನಿಲ್ಲುತ್ತೇವೆ. ಅಪ್ಪ ಹೊರಟ ದಿನ ಬ್ರೆಂಡಾ ಸಹ ಗೋಡೆ ನೋಡಿಕೊಂಡು ನಿಂತಿದ್ದಳು. ಎಲ್ಲವನ್ನೂ ಸರಿಯಾಗಿ ಮಾಡಿದ್ದೆವು. ಆಮೇಲೆ ಅಮ್ಮ ಒಂದೊಂದಾಗಿ ಎಣಿಸಿ ನೋಡಿದಳು. "ಒಗೆದಿಲ್ಲ. ಕೈ ಬೀಸಿಲ್ಲ. ಹಸಿರು ಬಟ್ಟೆ ಉಟ್ಟಿಲ್ಲ. ಮತ್ತೆ ಏನು ತಪ್ಪಾಯ್ತು?" ಉಳಿದದ್ದು ನಿಮ್ಮ ಪುಸ್ತಕ ಒಂದೇ. ಬಾಯಲ್ಲಿ ಆಡಬಾರದ ಮಾತನ್ನು ನೀವು ಅಚ್ಚು ಹಾಕಿಸಿ ದೇಶಕ್ಕೆಲ್ಲ ಹಂಚಿದ್ದೀರಿ ಎನ್ನುತ್ತಾಳೆ. ನಾನು ಹಾಗೆ ನಂಬುವುದಿಲ್ಲ. ಹಗಲು ಹೊತ್ತು ನಂಬುವುದಿಲ್ಲ.

ಇನ್ನೊಂದು. ತಿರುಗಿ ನೋಡದವಳು ಎಂದು ನೀವು ಡಿಸೆಂಬರಿನಲ್ಲಿ ಬರೆದಿರಿ, ಅದಕ್ಕೇ ಕ್ರಿಸ್‌ಮಸ್ಸಿಗೂ ಬರೆಯಲಾಗಲಿಲ್ಲ. ನಾನು ಹೊರಟ ದಿನ ಸ್ಟೇಷನ್ನಿನಲ್ಲಿ ನೀವು ಕೈ ಬೀಸುತ್ತಿದ್ದದ್ದು ನನಗೆ ಆಚೆ ಬದಿಯ ಗಾಜಿನಲ್ಲಿ ಕಾಣುತ್ತಿತ್ತು. ನಿಲ್ಲಿಸಲಿ, ದೇವರೇ, ಅವರು ನಿಲ್ಲಿಸಲಿ ಎಂದು ಬೇಡಿಕೊಂಡೆ. ನೀವು ನಿಲ್ಲಿಸಲೇ ಇಲ್ಲ. ನಾನೂ ತಿರುಗಿದರೆ ನಿಮ್ಮನ್ನು ಮತ್ತೆ ನೋಡಲಾರೆ ಎಂದುಕೊಂಡು ಕಣ್ಣು ಮುಚ್ಚಿದೆ. ಹೇಗೂ ಮತ್ತೆ ನೋಡಲಿಲ್ಲ.

ಬ್ರೆಂಡಾ ಈಗ ತಾನಾಗಿಯೇ ಓದಿಕೊಳ್ಳುತ್ತಾಳೆ. ಮೊದಲ ಪುಟವನ್ನೂ ಓದಿದ್ದಾಳೆ. "ಗಿಮ್ಮರ್ ಅಪ್ಪ ನಿಜವಾಗ್ಲೂ ಸತ್ತಿದಾನಾ, ಇಲ್ಲಾ ಪುಸ್ತಕದಲ್ಲಿ ಮಾತ್ರನಾ?" ಎಂದು ಕೇಳಿದಳು. ನಿಮ್ಮನ್ನು ಕೇಳಿ ಹೇಳುತ್ತೇನೆ ಎಂದೆ.

ಮೇವಿಸ್


ಬೆಕ್ ಎಂಡ್
೨೦ ಸೆಪ್ಟೆಂಬರ್ ೧೯೫೦

ನನ್ನ ಪ್ರೀತಿಯ ಮೇವಿಸ್,

ಮಾರ್ಚಿನ ಪತ್ರವನ್ನೂ ಜೂನಿನ ಪತ್ರವನ್ನೂ ಸುಟ್ಟುಬಿಡು. ಕೋಳಿಗೂಡಿನ ಸುದ್ದಿ ಬರೆದಿದ್ದೆ, ದೇವರೇ.

ನಿನ್ನ ತಾಯಿಗೆ ಹೇಗೆ ಬರೆಯಲಿ? ಮೂರು ಸಲ ಆರಂಭಿಸಿ ಹರಿದೆ. ಬರೆಯುವುದೇ ಬದುಕಾದವಳಿಗೆ ಒಂದು ಸಾಲು ಸಿಗುತ್ತಿಲ್ಲ.

ಕಿಟಕಿಯ ವಿಷಯವನ್ನು ಮತ್ತೆ ಮತ್ತೆ ಓದಿದೆ. ಐದು ವರ್ಷ ನಾನು ಆ ಬೆನ್ನನ್ನೇ ನೋಡುತ್ತಿದ್ದೆ, ಮಗು. ಗಿಮ್ಮರ್ ಈ ಕಣಿವೆ ಬಿಟ್ಟು ಹೋಗದಂತೆ ಪುಸ್ತಕದ ಮೇಲೆ ಪುಸ್ತಕ ಬರೆದದ್ದು ಆ ಬೆನ್ನಿಗಾಗಿಯೇ ಎಂದು ಈಗ ಅರ್ಥವಾಗುತ್ತಿದೆ.

ಆದರೆ ಬ್ರೆಂಡಾಳ ಪ್ರಶ್ನೆಗೆ ನನ್ನ ಬಳಿ ಉತ್ತರವಿದೆ. ಪುಸ್ತಕದಲ್ಲಿ ಹೆಣ ಸಿಕ್ಕಿತೆಂದು ನಾನು ಬರೆದಿಲ್ಲ, ತೆಗೆದು ನೋಡಿದೆ. ಗಿಮ್ಮರಳ ಅಪ್ಪ ಬರಬಹುದು! ದೂರದ ದ್ವೀಪದಲ್ಲಿ ಸಿಕ್ಕಿಬಿದ್ದಿದ್ದ, ಈಗ ಹಿಂತಿರುಗುತ್ತಾನೆ. ಗಿಮ್ಮರ್ ಅವನ ಜೊತೆ ಮನೆಗೆ ಹೋಗುತ್ತಾಳೆ. ಅದೇ ಕೊನೆಯ ಪುಸ್ತಕ. ಅಂಚೆ ಕಚೇರಿಯಿಂದ ಫೋನ್ ಮಾಡಿ ಮಿಸ್ಟರ್ ಪೆಂಬರಿಗೆ ಹೇಳಿದೆ. "ಅದ್ಭುತ! ಇಡೀ ಇಂಗ್ಲೆಂಡ್ ಅಳುತ್ತೆ" ಎಂದರು. ಅವರ ಮಾತಿಗಾಗಿ ಅಲ್ಲ, ನಿಮ್ಮ ಮನೆಗಾಗಿ ಬರೆಯುತ್ತೇನೆ. ನಾನು ಮುಳುಗಿಸಿದವನನ್ನು ನಾನೇ ಎತ್ತುತ್ತೇನೆ. ಅವನು ಬರುವ ಅಧ್ಯಾಯ ಮುಗಿದ ಕೂಡಲೇ ಕಳಿಸುತ್ತೇನೆ. ನಿನ್ನ ತಾಯಿಗೆ ಓದಿ ಹೇಳುವೆಯಾ?

ನಿನ್ನ,
ಹೆಸ್ಟರ್


ಹೆಸಲ್ ರೋಡ್
೧೯ ನವೆಂಬರ್ ೧೯೫೦

ಪ್ರೀತಿಯ ಮಿಸ್,

ಓದಿದೆ. ಆದದ್ದನ್ನು ಆದಂತೆಯೇ ಬರೆಯುತ್ತೇನೆ.

ಅಮ್ಮ ಈಗ ಮನೆಯಲ್ಲಿ ಬಲೆ ಹೆಣೆಯುತ್ತಾಳೆ. ಅಡುಗೆಮನೆಯ ಗೋಡೆಗೆ ಬಲೆ ಕಟ್ಟಿಕೊಂಡು ನಿಂತೇ ಕೆಲಸ. ನಾನು ಓದಲು ಶುರು ಮಾಡಿದಾಗ ಬೇಡ ಎನ್ನಲಿಲ್ಲ. ಕೈ ನಿಲ್ಲಿಸಲೂ ಇಲ್ಲ. ಬ್ರೆಂಡಾ ಮೇಜಿನ ಕೆಳಗೆ ಕೂತಿದ್ದಳು. ದೋಣಿ ದಡಕ್ಕೆ ಬಂದು, ಗಡ್ಡದ ಮನುಷ್ಯ ಇಳಿದು, ಗಿಮ್ಮರ್ ಓಡಿಹೋಗುವ ಜಾಗ ಬಂತು. ಚೆನ್ನಾಗಿ ಬರೆದಿದ್ದೀರಿ ಮಿಸ್. ಆಗ ಮೇಜಿನ ಕೆಳಗಿನಿಂದ ಬ್ರೆಂಡಾ, "ಅವನು ಬಂದ್ನಾ! ಹಾಗಾದ್ರೆ ನಮ್ಮಪ್ಪ ಯಾವತ್ತು ಬರ್ತಾನೆ?" ಎಂದಳು.

ಅಮ್ಮನ ಕೈ ಆಗ ನಿಂತಿತು.

ಅಮ್ಮ ಬಯ್ಯುತ್ತಾಳೆಂದುಕೊಂಡೆ. ಬಯ್ಯಲಿಲ್ಲ. ಬ್ರೆಂಡಾಳನ್ನು ಹೊರಗೆಳೆದು ಮಡಿಲಲ್ಲಿ ಕೂರಿಸಿಕೊಂಡು, "ನಿಮ್ಮಪ್ಪ ಬರಲ್ಲ ಕಂದಾ. ಇದು ಕಥೆ" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಆಯಮ್ಮನಿಗೆ ಬರಿ. ನೋಡದೇನೇ ಅವನನ್ನ ಮುಳುಗಿಸಿದ್ಳು, ಈಗ ನೋಡದೇನೇ ಎಬ್ಬಿಸ್ತಾಳಂತೆ. ಅವನು ಎಡಗಾಲಲ್ಲಿ ಕುಂಟ್ತಿದ್ದ ಅಂತ ಗೊತ್ತಾ ಅವಳಿಗೆ? ಗಡ್ಡ ಬಿಟ್ಟೋನೇ ಅಲ್ಲ ಅವನು, ಹಡಗಲ್ಲೂ ದಿನಾ ಬೋಳಿಸ್ತಿದ್ದ, ಎಲ್ಲರೂ ಆಡಿಕೊಳ್ಳೋರು. ಈ ಗಡ್ಡದೋನು ಯಾರ ಮನೆಯೋನು?"

"ಅವರು ಒಳ್ಳೇದಕ್ಕೇ ಬರೆದಿದ್ದು, ಅಮ್ಮ" ಎಂದೆ.

"ಕೆಟ್ಟದ್ದಕ್ಕೆ ಅಂದ್ನಾ ನಾನು? ನಾಲ್ಕು ವರ್ಷ ನನ್ನ ಮಗಳಿಗೆ ಹೊಟ್ಟೆ ತುಂಬ ಹಾಕಿದಾಳೆ. ಹಲ್ಲು ನೆಟ್ಟಗೆ ಬಂದಿದೆ ನಿಂಗೆ, ಅವಳು ಕುಡಿಸಿದ ಹಸುವಿನ ಹಾಲಿಂದ. ನಾನು ಮರೆತಿಲ್ಲ. ಆದ್ರೆ ಒಂದು ಸಲ ಬಂದು ಕೇಳಿದಾಳಾ, ಅವನು ಎಂಥ ಮನುಷ್ಯ ಅಂತ? ಮೊದಲು ಬಂದು ಕೂತು ಕೇಳಲಿ. ಆಮೇಲೆ ಮುಳುಗಿಸ್ತಾಳೋ ತೇಲಿಸ್ತಾಳೋ, ಅವಳಿಷ್ಟ." ಬಲೆಗೆ ತಿರುಗಿ ಮತ್ತೆ ಹೆಣೆಯತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ, "ಹಿಂದಿನ ಬಾಗಿಲಿಗೆ ಬರೋಕೆ ಹೇಳು. ಮುಂದಿನ ಬಾಗಿಲು ಯಾರಾದ್ರೂ ತಟ್ಟಿದ್ರೆ ನನಗೆ ತಡ್ಕೊಳ್ಳೋಕೆ ಆಗಲ್ಲ" ಎಂದಳು.

ಅವಳು ಹೇಳಿದ್ದು ಇಷ್ಟು. ನನ್ನದೊಂದು ಮಾತೂ ಸೇರಿಸುವುದಿಲ್ಲ ಎಂದುಕೊಂಡಿದ್ದೆ. ಸೇರಿಸುತ್ತೇನೆ. ಬನ್ನಿ ಮಿಸ್. ನನಗೆ ಹದಿನಾರು ದಾಟಿದೆ, ಮೀನಿನ ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲ, ನಿಮಗೆ ನನ್ನ ಗುರುತು ಸಿಗುತ್ತದೋ ಇಲ್ಲವೋ. ಆದರೂ ಬನ್ನಿ.

ಮೇವಿಸ್


ಬೆಕ್ ಎಂಡ್
೨೬ ನವೆಂಬರ್ ೧೯೫೦

ಪ್ರೀತಿಯ ಮೇವಿಸ್,

ಈ ಕ್ರಿಸ್‌ಮಸ್ಸಿಗೆ ಗಿಮ್ಮರ್ ಇಲ್ಲ. ಮುಂದಿನದಕ್ಕೂ ಇಲ್ಲವೇನೋ. ಮಿಸ್ಟರ್ ಪೆಂಬರಿಗೆ ಬರೆದ ಪತ್ರ ಮೇಜಿನ ಮೇಲಿದೆ, ನಾಳೆ ಇದರ ಜೊತೆಗೆ ಅಂಚೆಗೆ ಹೋಗುತ್ತದೆ. ಅವರು ತಂತಿ ಕಳಿಸುತ್ತಾರೆ, ಆಮೇಲೆ ತಾವೇ ಬರುತ್ತಾರೆ. ಅಷ್ಟರಲ್ಲಿ ನಾನು ಇಲ್ಲಿರುವುದಿಲ್ಲ.

ಗಡ್ಡದವನ ಅಧ್ಯಾಯವನ್ನು ಸುಡಬೇಕೆಂದು ಒಲೆಯ ತನಕ ಒಯ್ದೆ. ಸುಡಲಿಲ್ಲ. ಅವನು ಯಾರ ಮನೆಯವನೂ ಅಲ್ಲ, ಪಾಪ. ಅವನದೇನು ತಪ್ಪು? ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ್ದೇನೆ.

ಮಿಸೆಸ್ ಡಾಕ್ರೆಗೆ ಹಲ್‌ಗೆ ಹೋಗುತ್ತೇನೆಂದೆ. "ಇಷ್ಟು ವರ್ಷ ಅವ್ಳು ಬರ್ತಾಳೆ ಅಂತ ಕೂತಿದ್ರಲ್ಲ, ಆ ಗಾಡಿ ಎರಡೂ ಕಡೆ ಓಡುತ್ತೆ ಅಂತ ಯಾರೂ ಹೇಳಲಿಲ್ವಾ ನಿಮಗೆ?" ಎಂದರು. ಇದು ಸಮಾಧಾನವೋ ಅಲ್ಲವೋ ತಿಳಿಯಲಿಲ್ಲ. ದಾರಿಗೆಂದು ಬೆಣ್ಣೆ ಸವರಿದ ಬನ್ನು ಕಟ್ಟಿಕೊಡುವೆನೆಂದಿದ್ದಾರೆ.

ಶನಿವಾರದ ಗಾಡಿಗೆ ಬರುತ್ತೇನೆ. ಯಾರ್ಕಿನಲ್ಲಿ ಗಾಡಿ ಬದಲಾಯಿಸಬೇಕು. ಸ್ಟೇಷನ್ನಿಗೆ ಬರಬೇಡ, ದಾರಿ ಕೇಳಿಕೊಂಡು ಬರುತ್ತೇನೆ. ಕೈಯಲ್ಲಿ ಪುಸ್ತಕವಿರುವುದಿಲ್ಲ, ಕಾಗದ ಪೆನ್ನೂ ಇರುವುದಿಲ್ಲ. ನಿನ್ನ ತಾಯಿ ಬಲೆ ಹೆಣೆಯುತ್ತಿರಲಿ. ನಾನು ಒಂದು ಕುರ್ಚಿಯಲ್ಲಿ ಕೂತಿರುತ್ತೇನೆ.

ಇನ್ನೊಂದು ವಿಷಯ ಇವತ್ತು ಬೆಳಿಗ್ಗೆ ಹೊಳೆಯಿತು, ಆಗಿನಿಂದ ಬೇರೇನೂ ಮಾಡಲಾಗುತ್ತಿಲ್ಲ. ನಿನ್ನ ತಂದೆಯ ಹೆಸರು ನನಗೆ ಗೊತ್ತಿಲ್ಲ. ನೀನು ನನ್ನ ಮನೆಯಲ್ಲಿದ್ದ ನಾಲ್ಕು ವರ್ಷದಲ್ಲೂ, ಆಮೇಲಿನ ಐದು ವರ್ಷದಲ್ಲೂ ಕೇಳಿಲ್ಲ. ನಿನಗೆ ಬರೆದರೆ ಒಂದೇ ದಿನದಲ್ಲಿ ತಿಳಿಸುತ್ತೀಯೆ. ಬೇಡ, ತಿಳಿಸಬೇಡ. ಶನಿವಾರ ಅದನ್ನೇ ಮೊದಲು ನಿನ್ನ ತಾಯಿಯನ್ನು ಕೇಳಬೇಕೆಂದು ತೀರ್ಮಾನಿಸಿದ್ದೇನೆ.

ಹೆಸ್ಟರ್